ಬಂಡೆಹುಂಡಿಯ ನಿಂಗಾಜಮ್ಮ ಕೈ ಎತ್ತಿದ್ದು

ಬಲು ಹಿಂದೆ, ಇಂಥ ವರ್ಷ ಅಂತ ಬೆರಳು ಮಡಿಚಿ ಹೇಳೋಕಾಗದಷ್ಟು ಹಿಂದೆ, ಕರಿಕಲ್ಲಿನ ಗುಡ್ಡದ ಕೆಳಗೆ ಒಂದೂರಿತ್ತು. ಬಂಡೆಹುಂಡಿ ಅಂತ ಅದರ ಹೆಸರು. ಆ ಊರಲ್ಲಿ ನಿಂಗಾಜಮ್ಮ ಅನ್ನೋಳು ಒಬ್ಬಳಿದ್ದಳು. ನೀರಿನ ಮೇಲೆ ನಿಂತು ಓಡಿದವಳು ಅಂತಾರೆ. ಓಡಿದ್ದಲ್ಲ, ಜಾರಿದ್ದು. ನೀರಿನ ಮೇಲಲ್ಲ, ಕಲ್ಲಾದ ನೀರಿನ ಮೇಲೆ.

ನಾನು ಅವಳನ್ನ ನೋಡೋ ಹೊತ್ತಿಗೆ ಅವಳ ತಲೆ ಪೂರ್ತಿ ಬೆಳ್ಳಗಾಗಿತ್ತು. ನೋಡಿದ್ದು ಸ್ವಲ್ಪ, ಕೇಳಿದ್ದು ಜಾಸ್ತಿ. ಕೇಳಿದ್ದರಲ್ಲಿ ಯಾವುದು ನಡೆದದ್ದು, ಯಾವುದು ಬಾಯಿಂದ ಬಾಯಿಗೆ ಬೆಳೆದದ್ದು ಅಂತ ಆರಿಸಿ ಬೇರೆ ಮಾಡೋದು ಈಗ ನನ್ನ ಕೈಲಾಗದು. ನಮ್ಮಜ್ಜಿ ಹೇಳಿದಂಗೆ ಹೇಳ್ತೀನಿ.

ಅವಳಪ್ಪ ಸಿದ್ದಾಚಾರಿ. ಬಂಡೆ ಒಡೆಯೋರ ಉಳಿಗಳನ್ನೆಲ್ಲ ಕುಲುಮೇಲಿ ಕಾಯಿಸಿ ಬಡಿದು ಹದ ಮಾಡೋನು. ಅವನು ಹದ ಹಾಕಿದ ಉಳಿ ಮಿಕ್ಕೋರ ಉಳಿಗಿಂತ ಮೂರು ದಿನ ಹೆಚ್ಚಿಗೆ ಬಾಳ್ತಿತ್ತು ಅಂತಾರೆ. ಅವ್ವ ದೇವೀರಮ್ಮ. ಕಲ್ಲು ಕುಯ್ದು ಪಾಲಿಶ್ ಮಾಡೋ ಶೆಡ್ಡಲ್ಲಿ ಕೆಲಸ. ಆ ಶೆಡ್ಡಿನ ನೆಲಕ್ಕೆ ಉಳಿಕೆ ಕಲ್ಲನ್ನೇ ಹಾಸಿದ್ದರು. ಬಗ್ಗಿದರೆ ಮುಖ ಕಾಣೋ ಅಂಥ ಕರಿಕಲ್ಲು. ಶೆಡ್ಡಿನ ನಡುವೆ ದೊಡ್ಡ ಗರಗಸದ ಮಿಷನ್ನು. ಗರಗಸಕ್ಕೆ ದಿನವೆಲ್ಲ ನೀರು ಬಿಡಬೇಕು, ಆ ನೀರು ಕಲ್ಲಿನ ಹಿಟ್ಟು ಕಲಸಿಕೊಂಡು ನೆಲದ ತುಂಬ ಹರೀತಿತ್ತು. ಕಾಲಿಟ್ಟರೆ ಜಾರೋದು. ಸೊಂಟ ಮುರ್ಕೊಂಡೋರು ಎಷ್ಟೋ ಜನ.

ಸಾಯಂಕಾಲ ಮಿಷನ್ನು ನಿಂತ ಮೇಲೆ ಆ ನೆಲ ಬಳಿಯೋ ಕೆಲಸ ದೇವೀರಮ್ಮನದು. ಅವಳಿಗೆ ಕಲ್ಲಿನ ಧೂಳು ಎದೆಗೆ ಇಳಿದು ಕೆಮ್ಮು ಹಿಡಿದಿತ್ತು. ಬಗ್ಗಿದರೆ ಉಸಿರು ಕಟ್ಟೋದು. ಹಂಗಾಗಿ ಮಗಳು ನಿಂಗಾಜಿ, ಆಗ ಅವಳಿಗೆ ಹತ್ತೋ ಹನ್ನೊಂದೋ, ಎರಡು ಕಾಲಿಗೂ ಗೋಣಿತಟ್ಟು ಸುತ್ತಿ ಹುರಿಯಲ್ಲಿ ಬಿಗಿದುಕೊಂಡು ನೆಲ ಒರೆಸೋಕೆ ಶುರು ಮಾಡಿದಳು. ಒರೆಸೋದು ಅಂದರೆ ಒಂದು ಕಾಲು ಒತ್ತೋದು, ಇನ್ನೊಂದು ಕಾಲಲ್ಲಿ ಜಾರೋದು. ಮೋರಿ ಇದ್ದದ್ದು ಬಲಗಡೆ ಗೋಡೆ ಪಕ್ಕ. ನೀರನ್ನ ಆಚೆಗೆ ತಳ್ಳಬೇಕಲ್ಲ, ಅದಕ್ಕೆ ಯಾವಾಗಲೂ ಗರಗಸ ಎಡಗಡೆ ಇರೋ ಹಂಗೆ ಸುತ್ತು ಹೊಡೀತಿದ್ದಳು. ಮೊದಮೊದಲು ಮೆಲ್ಲಗೆ. ಆಮೇಲೆ ಜೋರಾಗಿ. ಆಮೇಲೆ ಎಷ್ಟು ಜೋರು ಅಂದರೆ ತಿರುವಿನಲ್ಲಿ ಮೈ ಪೂರ್ತಿ ಎಡಕ್ಕೆ ವಾಲಿ, ಎಡಗೈ ಬೆರಳ ತುದಿ ನೆಲ ಸವರಿಕೊಂಡು ಹೋಗೋದು. ಬೀಡಿ ಸೇದ್ತಾ ಕೂತ ಕೆಲಸದೋರು ಬೀಡಿ ಆರಿದ್ದೂ ತಿಳೀದೆ ನೋಡ್ತಿದ್ದರು ಅಂತಾರೆ.

ಹಿಂಗಿರೋವಾಗ ಬೆಟ್ಟದ ಸೀಮೆಯಿಂದ ಒಬ್ಬ ಬಂದ. ದಂಡಿನಲ್ಲಿದ್ದು ಬಿಟ್ಟೋನು. ಹಿಮದಲ್ಲಿ ಸತ್ತ ಸಿಪಾಯಿಗಳಿಗೆ ನೆನಪಿನ ಕಲ್ಲು ನಿಲ್ಲಿಸಬೇಕು, ಅದು ನಮ್ಮ ಗುಡ್ಡದ ಕರಿಕಲ್ಲೇ ಆಗಬೇಕು ಅಂತ ಅಷ್ಟು ದೂರದಿಂದ ಬಂದಿದ್ದ. ಅವನ ಹೆಸರು ನಂಗ್ಯಾಲ್. ನಮ್ಮೋರ ಬಾಯಲ್ಲಿ ಅದು ನಿಲ್ಲಲಿಲ್ಲ, ಯಾಲಯ್ಯ ಆಯಿತು. ಕನ್ನಡದ ಸಿಪಾಯಿಗಳ ಜತೆ ಹತ್ತು ವರ್ಷ ಕಳೆದೋನು, ಮುರುಕು ಕನ್ನಡ ಆಡ್ತಿದ್ದ. ಕಲ್ಲಿನ ಮೇಲೆ ಹೆಸರು ಕೆತ್ತಿ ಮುಗಿಸೋಕೆ ಎಂಟು ದಿನ ಹಿಡೀತು. ಎಂಟು ದಿನವೂ ಸಾಯಂಕಾಲ ಶೆಡ್ಡಿನ ಬಾಗಿಲಲ್ಲಿ ಕೂತು ಆ ಹುಡುಗಿ ಸುತ್ತೋದನ್ನ ನೋಡಿದ. ಎಂಟನೇ ದಿನ ಕರೆದು, ನಮ್ಮ ಸೀಮೆಯಲ್ಲಿ ಚಳಿಗಾಲ ಬಂದರೆ ಕೆರೆಯೇ ಕಲ್ಲಾಗುತ್ತೆ, ಅದರ ಮೇಲೆ ಹಿಂಗೇ ಜಾರ್ತಾರೆ, ಪಂದ್ಯ ಆಡ್ತಾರೆ ಅಂತ ಹೇಳಿದ.

ನಿಂಗಾಜಿ ಕೇಳಿದಳಂತೆ, "ಕರಿಕಲ್ಲಾ, ಬಿಳಿಕಲ್ಲಾ?"

"ನೀರಿನ ಬಣ್ಣದ ಕಲ್ಲು," ಅಂದನಂತೆ ಯಾಲಯ್ಯ.

ಆ ಕೆರೆಯ ಪಕ್ಕ ಅವನು ಹುಡುಗ ಹುಡುಗಿಯರಿಗೆ ಜಾರೋದು ಕಲಿಸ್ತಿದ್ದ. ಇವಳನ್ನೂ ಕಳಿಸಿಕೊಡಿ ಅಂತ ಕೇಳಿದ. ಊರಿಗೆ ಊರೇ ಬೇಡ ಅಂತು. ಕಂಡರಿಯದ ಸೀಮೆ, ಹೆಣ್ಣುಮಗು, ಬಿದ್ದು ಕೈಕಾಲು ಮುರ್ಕೊಂಡರೆ ಯಾರು ಗತಿ ಅಂದರು. ಯಾಲಯ್ಯ ತನ್ನೂರಿಗೆ ಹೋಗಿ ಹೆಂಡತಿಯನ್ನೇ ಕರಕೊಂಡು ಬಂದ. ಆ ಹೆಣ್ಣುಮಗಳು ದೇವೀರಮ್ಮನ ಅಡಿಗೆಮನೇಲಿ ಕೂತು, ಭಾಷೆ ಬರದೆ, ಕೈಸನ್ನೆಯಲ್ಲೇ ಏನೇನೋ ಹೇಳಿದಳು. ತನಗೂ ಇಬ್ಬರು ಹೆಣ್ಣುಮಕ್ಕಳು ಅಂತ ಎರಡು ಬೆರಳು ತೋರಿಸಿ, ಆಮೇಲೆ ನಿಂಗಾಜಿ ಕಡೆ ನೋಡಿ ಮೂರು ಬೆರಳು ತೋರಿಸಿದಳು. ದೇವೀರಮ್ಮ ಒಲೆ ಮುಂದಿಂದ ಎದ್ದು ಬಂದು ಗಂಡನಿಗೆ ಹೇಳಿದಳು:

"ಇಲ್ಲಿದ್ರೆ ನನ್ನಂಗೆ ಕಲ್ಲು ಕುಡ್ಕೊಂಡು ಕೆಮ್ತಾಳೆ. ಅಲ್ಲಿ ಬಿದ್ರೆ ಎದ್ದಾದ್ರೂ ಏಳ್ತಾಳೆ. ಹೋಗ್ಲಿ ಬಿಡಿ."

ಹೋದಳು.

ಮೊದಲನೇ ಚಳಿಗಾಲ ಬರೀ ಬಿದ್ದಳು ಅಂತಾರೆ. ಅಲ್ಲಿ ಗೋಣಿತಟ್ಟಲ್ಲ, ಬೂಟಿನ ಅಡಿಗೆ ಉದ್ದನೆ ಉಕ್ಕಿನ ಅಲಗು. ಅದರ ಮೇಲೆ ನಿಲ್ಲೋದೇ ಕಷ್ಟ. ನೇರ ಹೋಗೋದು ಬೇಗ ಬಂತು, ತಿರುವು ಬರಲಿಲ್ಲ. ಶೆಡ್ಡಲ್ಲಿ ಅಷ್ಟು ಸಲೀಸಾಗಿ ವಾಲಿದೋಳು ಅಲ್ಲಿ ವಾಲಿದ ತಕ್ಷಣ ಅಲಗು ಕಿತ್ತುಕೊಂಡು ಆಚೆ ಹೋಗಿ ಬೀಳ್ತಿದ್ದಳು. ಬೇಸಿಗೆಗೆ ಊರಿಗೆ ಬಂದಾಗ ಮೈಯೆಲ್ಲ ಕಂದು ಕಲೆ.

ಸಿದ್ದಾಚಾರಿ ಮಗಳ ಮೈ ನೋಡಲಿಲ್ಲ, ಅಲಗು ನೋಡಿದ. ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ತುದಿಯಿಂದ ತುದಿಗೆ ನೋಡಿದ. ಎಲ್ಲೆಲ್ಲಿ ಸವೆದಿದೆ ಅಂತ ಉಗುರಿನಲ್ಲಿ ಗೀರಿ ನೋಡಿದ. ಮೂರು ದಿನ ಊಟ ಮಾಡ್ತಾ ಮಾಡ್ತಾ ಅದನ್ನೇ ಯೋಚಿಸಿದ. ನಾಲ್ಕನೇ ದಿನ ಕುಲುಮೆ ಊದಿಸಿ, ಉಳಿಗೆ ಇಟ್ಟಿದ್ದ ಒಳ್ಳೆ ಉಕ್ಕಲ್ಲಿ ಹೊಸ ಅಲಗು ಬಡಿದ. ಬಡಿದು ಅದನ್ನ ಎಡಕ್ಕೆ ಒಂಚೂರು ಬಾಗಿಸಿದ. ಎಷ್ಟು ಒಂಚೂರು ಅಂದರೆ ಕೈಗೆ ಸಿಕ್ಕುತ್ತೆ, ಕಣ್ಣಿಗೆ ಕಾಣಲ್ಲ. ಬೂಟಿನ ನಡುವಿಗೆ ಕೂರಿಸದೆ ಸ್ವಲ್ಪ ಎಡಕ್ಕೇ ಸರಿಸಿ ಕೂರಿಸಿದ. ಅವಳು ಯಾವಾಗಲೂ ಎಡಕ್ಕೇ ತಾನೇ ತಿರುಗೋದು, ಅಲಗೂ ಆ ಕಡೆಗೇ ಮುಖ ಮಾಡಿರಲಿ ಅಂದನಂತೆ. ದೇವೀರಮ್ಮ ಅರಗು ಕಾಯಿಸಿ ಮಗಳ ಎಡಗೈ ಕವಚದ ಬೆರಳ ತುದಿಗಳಿಗೆ ಒಂದೊಂದು ತೊಟ್ಟು ಬಿಟ್ಟಳು, ಹಿಮ ಸವರುವಾಗ ಬೆರಳು ನೋಯದಿರಲಿ, ಸರಾಗವಾಗಿ ಜಾರಲಿ ಅಂತ.

ಆ ಅಲಗು ಕಟ್ಟಿಕೊಂಡು ಹೋದ ಚಳಿಗಾಲ ನಿಂಗಾಜಿ ಬೀಳಲಿಲ್ಲ.

ಆಮೇಲಿಂದ ಅವಳನ್ನ ಹಿಡಿಯೋರು ಇಲ್ಲದಂಗಾಯಿತು. ಬೆಟ್ಟದ ಸೀಮೆಯ ಪಂದ್ಯ ಗೆದ್ದಳು. ದೇಶದ ಪಂದ್ಯ ಗೆದ್ದಳು. ಹಡಗು ಹತ್ತಿ ಹೋಗಿ ಹೊರದೇಶದಲ್ಲಿ ಗೆದ್ದಳು. ಅಲ್ಲೆಲ್ಲ ಕೆರೆ ಅಲ್ಲ, ದೊಡ್ಡ ಚಾವಣಿ ಕೆಳಗೆ ಹಿಮದ ಅಂಗಳ. ಪಂದ್ಯ ಹೆಂಗೆ ಅಂದರೆ, ನಾಕೈದು ಜನ ಒಟ್ಟಿಗೆ ಹೊರಡಬೇಕು, ಚಿಕ್ಕ ಅಂಗಳವನ್ನ ಒಂಬತ್ತು ಸುತ್ತು ಸುತ್ತಬೇಕು. ಕೊನೇ ಸುತ್ತಿಗೆ ಗಂಟೆ ಹೊಡೀತಾರೆ. ಮುಂದಿರೋರನ್ನ ಮುಟ್ಟಬಾರದು, ತಳ್ಳಬಾರದು, ಸಂದು ನೋಡಿ ದಾಟಬೇಕು. ಒಬ್ಬರ ಕಾಲಿಗೆ ಒಬ್ಬರು ಅಂಟಿಕೊಂಡಂಗೆ ಹೋಗ್ತಿರ್ತಾರೆ, ಕಾಲಡಿಯಲ್ಲಿ ಕತ್ತಿಯಂಥ ಅಲಗು. ನಿಂಗಾಜಿ ಏಳು ಸುತ್ತಿನವರೆಗೂ ಎಲ್ಲರ ಹಿಂದೆ ಇರ್ತಿದ್ದಳಂತೆ. ಗಂಟೆ ಹೊಡೆಯೋ ಹೊತ್ತಿಗೆ ತಿರುವಿನ ಒಳಮಗ್ಗುಲಲ್ಲಿ ನುಗ್ಗಿ, ಬೆರಳು ಹಿಮಕ್ಕೆ ತಾಗಿಸಿ, ಒಬ್ಬೊಬ್ಬರನ್ನೇ ದಾಟಿ ಬರ್ತಿದ್ದಳಂತೆ. ಅವಳು ಹೋದ ಗೆರೆಯಲ್ಲಿ ಹಿಮ ಹಾಡ್ತಿತ್ತು ಅಂತಾರೆ. ಅವಳ ನೆರಳು ಅವಳಿಗಿಂತ ಅರ್ಧ ಸುತ್ತು ಹಿಂದೆ ಬರ್ತಿತ್ತು ಅಂತಲೂ ಅಂತಾರೆ. ಅದನ್ನ ನಾನು ನಂಬಲ್ಲ, ಆದರೆ ನಮ್ಮಜ್ಜಿ ನಂಬಿದ್ದಳು.

ಆ ಕಾಲದಲ್ಲಿ ಯೋಹಾನಾ ಅಂತ ಒಬ್ಬಳು ಹಿಮದ ದೇಶದೋಳು ಎಲ್ಲರಿಗಿಂತ ಮೇಲಿದ್ದಳು. ನಮ್ಮೋರು ಅವಳನ್ನ ಯೋಹನ್ನಮ್ಮ ಅಂತಿದ್ದರು. ಅವಳನ್ನ ಹಿಂದೆ ಹಾಕಿದೋರೇ ಇರಲಿಲ್ಲ. ಒಂದು ವರ್ಷ, ಲೋಕದ ಜನವೆಲ್ಲ ಸೇರೋ ದೊಡ್ಡ ಪಂದ್ಯದಲ್ಲಿ, ಕೊನೆಗೆ ಉಳಿದ ನಾಲ್ವರಲ್ಲಿ ಯೋಹಾನಾ ಒಬ್ಬಳು, ನಮ್ಮ ನಿಂಗಾಜಿ ಒಬ್ಬಳು.

ಆವತ್ತು ಬಂಡೆಹುಂಡಿಯಲ್ಲಿ ಯಾರೂ ಬಂಡೆಗೆ ಹೋಗಲಿಲ್ಲ. ಎಲ್ಲ ಅಂಚೆ ಪುಟ್ಟಬುದ್ದಿಯ ಸೈಕಲ್ಲು ಬರೋ ದಾರಿ ಕಾಯ್ತಾ ಕೂತಿದ್ದರು. ಮಧ್ಯಾಹ್ನಕ್ಕೆ ಸೈಕಲ್ಲು ಬಂತು. ತಂತಿ ತಂದಿದ್ದ. ಗೆದ್ದಳು ಅಂತಿತ್ತು. ತಮಟೆ ಬಡಿದರು, ಬಾಣ ಬಿರುಸು ಹಚ್ಚಿದರು, ಹೆಂಗಸರು ದೇವೀರಮ್ಮನ ಮುಖಕ್ಕೆಲ್ಲ ಅರಿಸಿನ ಬಳಿದರು. ಕೆಮ್ಮಿನ ಮಧ್ಯೆ ಅವಳು ನಗ್ತಾ ಇದ್ದಳು ಅಂತ ನಮ್ಮಜ್ಜಿ ಹೇಳೋಳು.

ಹೊತ್ತು ಇಳಿಯೋ ಮುಂಚೆ ಪುಟ್ಟಬುದ್ದಿ ಮತ್ತೆ ಬಂದ. ಈ ಸಲ ಸೈಕಲ್ಲು ಹತ್ತಿರಲಿಲ್ಲ, ತಳ್ಳಿಕೊಂಡು ಬಂದ. ಇನ್ನೊಂದು ತಂತಿ. ಗೆಲುವು ಬಿಟ್ಟುಕೊಟ್ಟಳು ಅಂತಿತ್ತು.

ನಡೆದದ್ದು ಇಷ್ಟು. ಕೊನೇ ಸುತ್ತಿನ ಕೊನೇ ತಿರುವಿನಲ್ಲಿ ಯೋಹಾನಾ ಮುಂದಿದ್ದಳು. ಒಳಮಗ್ಗುಲಲ್ಲಿ ಒಂದು ಸಂದು ಕಂಡಿತು. ನಿಂಗಾಜಿ ನುಗ್ಗಿದಳು. ನುಗ್ಗಿದ ಮೇಲೆ ಸಂದು ಸಾಲಲಿಲ್ಲ. ಅವಳ ಬಲಗೈ ಯೋಹಾನಾಳ ಸೊಂಟಕ್ಕೆ ಹೋಯಿತು. ತಾಗಿತೋ ತಳ್ಳಿತೋ, ಆ ಕ್ಷಣದಲ್ಲಿ ಎರಡೂ ಒಂದೇ. ಯೋಹಾನಾ ಹಾರಿ ಗೋಡೆಗೆ ಬಡಿದಳು. ಕಾಲು ಮುರಿದ ಸದ್ದು ಜನರ ಗದ್ದಲದಲ್ಲೂ ಕೇಳಿಸ್ತು. ನಿಂಗಾಜಿ ಗೆರೆ ದಾಟಿದಳು.

ತೀರ್ಪು ಹೇಳೋರು ಐದು ಜನ. ಹಿಂದೆ ಬರ್ತಿದ್ದವಳು ಅಡ್ಡ ಇದ್ದಳು, ಅವರಿಗೆ ಕೈ ಕಾಣಲಿಲ್ಲ. ಯೋಹಾನಾ ತಾನೇ ಜಾರಿ ಬಿದ್ದಳು ಅಂದುಕೊಂಡರು. ಗೆದ್ದೋಳು ನಿಂಗಾಜಿ ಅಂತ ಕೂಗಿದರು. ಪದಕ ತಂದರು. ಯಾಲಯ್ಯ ಅಳ್ತಾ ನಿಂತಿದ್ದ, ಸಂತೋಷಕ್ಕೆ.

ಆಗ ನಿಂಗಾಜಿ ಅಂಗಳದ ಮಧ್ಯಕ್ಕೆ ಜಾರಿಕೊಂಡು ಹೋಗಿ ನಿಂತು ಬಲಗೈ ಎತ್ತಿದಳು. ಯಾರಿಗೂ ಅರ್ಥವಾಗಲಿಲ್ಲ. ಗೆದ್ದ ಖುಷಿಗೆ ಎತ್ತಿದ್ದಾಳೆ ಅಂತ ಜನ ಚಪ್ಪಾಳೆ ಹೊಡೆದರು. ಅವಳು ಇಳಿಸಲಿಲ್ಲ. ಚಪ್ಪಾಳೆ ನಿಲ್ಲೋವರೆಗೂ ಎತ್ತೇ ಇದ್ದಳು. ತೀರ್ಪಿನೋರು ಹತ್ತಿರ ಬಂದಾಗ ಆ ಕೈಯನ್ನೇ ತೋರಿಸಿ ಹೇಳಿದಳಂತೆ, "ಈ ಕೈ ಅವಳಿಗೆ ತಾಗ್ತು. ಅದಕ್ಕೇ ಬಿದ್ಲು."

ಯಾಲಯ್ಯ ಅದನ್ನ ಅವರ ಭಾಷೆಗೆ ತಿರುಗಿಸಬೇಕಿತ್ತು. ಅವನು ಮೊದಲು ಕಣ್ಣೊರೆಸಿಕೊಂಡನಂತೆ. ಆಮೇಲೆ ತಿರುಗಿಸಿ ಹೇಳಿದ.

ಊರಿಗೆ ಬಂದಳು. ಬಸ್ಸಿಳಿದಾಗ ಸ್ವಾಗತಕ್ಕೆ ಯಾರೂ ಇರಲಿಲ್ಲ. ಬೀದಿಯಲ್ಲಿ ಎದುರಾದೋರು ಹಂಗೇ ಹೋದರು. ಕೆಲವರು ನಿಂತು, ಸುಮ್ಮನಿದ್ದಿದ್ದರೆ ಏನಾಗ್ತಿತ್ತವ್ವ, ಕಂಡೋರು ಯಾರು, ನಮ್ಮೂರ ಹೆಸರು ಲೋಕಕ್ಕೆಲ್ಲ ಆಗ್ತಿತ್ತಲ್ಲ ಅಂದರು. ಕುಲುಮೆ ಹತ್ತಿರ ಸಿದ್ದಾಚಾರಿಗೂ ಅದನ್ನೇ ಅಂದರು. ಅವನು ಸುತ್ತಿಗೆ ನಿಲ್ಲಿಸಲಿಲ್ಲ. ಮನೆಯೊಳಗೆ ದೇವೀರಮ್ಮ ಗೋಡೆಗೊರಗಿ ಕೂತಿದ್ದಳು. ಮಗಳನ್ನ ಪಕ್ಕಕ್ಕೆ ಕೂರಿಸಿಕೊಂಡು ಒಂದೇ ಮಾತು ಕೇಳಿದಳು.

"ಆ ಹುಡ್ಗಿ ಕಾಲು ಈಗ ಹೆಂಗದೆ?"

ಅಲ್ಲೀವರೆಗೂ ಅಳದೇ ಇದ್ದ ನಿಂಗಾಜಿ ಆಗ ಅತ್ತಳು ಅಂತಾರೆ.

ಕತೆ ಇಲ್ಲಿಗೆ ಮುಗೀತು ಅಂತ ಕೆಲವರು ಎದ್ದು ಹೋಗ್ತಾರೆ. ಎದ್ದು ಹೋಗೋರಿಗೆ ಅವಳು ಪಟ್ಟ ಕಷ್ಟ ಗೊತ್ತಾಗಲ್ಲ. ಕೈ ಎತ್ತೋದಕ್ಕೆ ಹಿಡಿದದ್ದು ಒಂದು ಗಳಿಗೆ. ಅದಾದ ಮೇಲಿನ ಎರಡು ಚಳಿಗಾಲ ಇದೆಯಲ್ಲ, ಅದು ದೊಡ್ಡದು. ಮತ್ತೆ ಹಿಮದ ಮೇಲೆ ನಿಂತಳು, ಸುತ್ತಿದಳು, ಆದರೆ ದಾಟೋಕಾಗಲಿಲ್ಲ. ಸಂದು ಕಾಣೋದು, ಕಾಲು ಮುಂದಕ್ಕೆ ಹೋಗೋದು, ಕೈ ಹಿಂದಕ್ಕೆ ಎಳೆಯೋದು. ಗೋಡೆಗೆ ಬಡಿದ ಸದ್ದು ಕಿವಿಯಲ್ಲೇ ಇತ್ತು. ಎರಡು ವರ್ಷ ಎಲ್ಲ ಪಂದ್ಯದಲ್ಲೂ ಕೊನೆಯವಳಾಗೇ ಬಂದಳು. ನಿಂಗಾಜಿ ಮುಗಿದಳು ಅಂದರು. ಎರಡನೇ ಚಳಿಗಾಲದಲ್ಲಿ ದೇವೀರಮ್ಮ ತೀರಿಕೊಂಡಳು. ಮಣ್ಣಿಗೆ ಮಗಳು ಬರೋಕಾಗಲಿಲ್ಲ. ಹಿಮಕ್ಕೆ ಬೆಟ್ಟದ ದಾರಿ ಮುಚ್ಚಿತ್ತು, ಸುದ್ದಿ ಮುಟ್ಟೋವಷ್ಟರಲ್ಲಿ ಹನ್ನೊಂದನೇ ದಿನವೂ ಕಳೆದಿತ್ತು. ಆವತ್ತು ಕೆರೆಯ ಮೇಲೆ ಒಬ್ಬಳೇ ಸುತ್ತಿದಳಂತೆ, ಯಾಲಯ್ಯನ ಹೆಂಡತಿ ಬಂದು ಕೈ ಹಿಡಿದು ನಿಲ್ಲಿಸೋವರೆಗೂ.

ಮೂರನೇ ಚಳಿಗಾಲಕ್ಕೆ ಯೋಹಾನಾ ವಾಪಸು ಬಂದಳು. ಕಾಲು ಕೂಡಿತ್ತು, ನಡೆಯುವಾಗ ಸ್ವಲ್ಪ ಎಳೀತಿತ್ತು, ಹಿಮದ ಮೇಲೆ ಎಳೀತಿರಲಿಲ್ಲ. ಅದೇ ದೊಡ್ಡ ಪಂದ್ಯ. ಕೊನೆಯ ಓಟಕ್ಕೆ ಮುಂಚಿನ ಓಟದಲ್ಲಿ ಇಬ್ಬರೂ ಸೇರಿದರು. ಮೊದಲು ಬಂದ ಇಬ್ಬರನ್ನ ಮಾತ್ರ ಕೊನೆಯ ಓಟಕ್ಕೆ ತಗೊಳ್ತಿದ್ದರು. ಯೋಹಾನಾ ಮೊದಲು ಬಂದಳು. ನಿಂಗಾಜಿಗೆ ಮುಂದಿದ್ದವಳು ಬಿದ್ದದ್ದರಿಂದ ಎರಡನೇ ಜಾಗ ಸಿಕ್ಕಿತು. ತಾನಾಗಿ ಯಾರನ್ನೂ ದಾಟಿರಲಿಲ್ಲ.

ಬೂಟು ಬಿಚ್ಚೋ ಕೋಣೆಯಲ್ಲಿ ಯೋಹಾನಾ ಬಂದು ಅವಳ ಎದುರಿಗೆ ಕೂತಳು. ನಿಂಗಾಜಿ ತಲೆ ಎತ್ತಲಿಲ್ಲ. ಯೋಹಾನಾ ಅವಳ ಬಲಗೈ ತಗೊಂಡು ತನ್ನ ಮುರಿದು ಕೂಡಿದ ಕಾಲಿನ ಮೇಲೆ ಇಟ್ಟುಕೊಂಡು ಹೇಳಿದಳಂತೆ. ಇಷ್ಟು ವರ್ಷಕ್ಕೆ ನಿಂಗಾಜಿಗೂ ಅವರ ಭಾಷೆ ತಿಳೀತಿತ್ತು.

"ನಾಲ್ಕನೇ ಸುತ್ತಲ್ಲಿ ಜಾಗ ಬಿಟ್ಟಿದ್ದೆ, ನೀನು ಬರಲಿಲ್ಲ. ಆರನೇ ಸುತ್ತಲ್ಲೂ ಬಿಟ್ಟಿದ್ದೆ. ಯಾಕೆ ಬರಲಿಲ್ಲ?"

"ಭಯ," ಅಂದಳು ನಿಂಗಾಜಿ.

"ನನಗೂ ಭಯವೇ. ಆದರೂ ವಾಪಸು ಬಂದಿದ್ದೀನಿ. ಎರಡು ವರ್ಷ ಕಾಲು ಕಟ್ಟಿಸಿಕೊಂಡು ಮಲಗಿದ್ದು ನಿನ್ನ ಜತೆ ಓಡೋಕೆ, ನಿನ್ನಿಂದ ಮರ್ಯಾದೆ ಮಾಡಿಸಿಕೊಳ್ಳೋಕಲ್ಲ. ನಾಳೆ ನಾನು ಜಾಗ ಬಿಡಲ್ಲ. ನೀನೇ ಹುಡುಕಿಕೊಂಡು ಬಾ."

ಮಾರನೇ ದಿನ ಯೋಹಾನಾ ನಿಜಕ್ಕೂ ಜಾಗ ಬಿಡಲಿಲ್ಲ. ಒಂಬತ್ತು ಸುತ್ತಲ್ಲಿ ಎಂಟು ಮುಗೀತು. ಗಂಟೆ ಹೊಡೆದರು. ನಿಂಗಾಜಿ ಎರಡನೆಯವಳಾಗಿದ್ದಳು. ಕೊನೇ ತಿರುವು, ಅದೇ ತಿರುವು. ತಿರುವಿನ ಜೋರಿಗೆ ಯೋಹಾನಾ ಒಂದು ಗೇಣು ಆಚೆ ಸರಿದಳು. ಗೇಣೂ ಇರಲಿಲ್ಲ, ಚೋಟುದ್ದ ಅಂತಾರೆ. ನಿಂಗಾಜಿ ಬಲಗೈಯನ್ನ ಬೆನ್ನ ಮೇಲೆ ಮಡಿಚಿ ಇಟ್ಟುಕೊಂಡಳು, ಎಡಗೈ ಬೆರಳು ಹಿಮಕ್ಕೆ ಕೊಟ್ಟಳು, ಮೊಣಕೈ ನೆಲಕ್ಕೆ ಮುಟ್ಟೋ ಹಂಗೆ ವಾಲಿದಳು, ವಾಲಿ ಆ ಸಂದಿನಲ್ಲಿ ದಾಟಿದಳು. ಇಬ್ಬರ ಬಟ್ಟೆಯೂ ಒಂದಕ್ಕೊಂದು ತಾಗಲಿಲ್ಲ.

ಗೆದ್ದಳು. ಈ ಮಾತು ಕೇಳಿ ಹೇಳ್ತಿರೋದಲ್ಲ, ಆ ಪದಕವನ್ನ ನಾನೇ ಕೈಯಲ್ಲಿ ಹಿಡಿದು ನೋಡಿದ್ದೀನಿ. ಬಾಳ ಭಾರ ಇತ್ತು. ಗೆರೆ ದಾಟಿದ ಮೇಲೆ ಅವಳು ಮೊದಲು ತಿರುಗಿ ನೋಡಿದ್ದು ಯೋಹಾನಾ ನಿಂತಿದ್ದಾಳಾ ಅಂತ. ನಿಂತಿದ್ದಳು.

ಅಲ್ಲಿಂದ ಆರೇಳು ವರ್ಷ ಓಡಿದಳು. ಗೆದ್ದದ್ದೂ ಇದೆ, ಸೋತದ್ದೂ ಇದೆ. ಮಂಡಿ ಕೈಕೊಟ್ಟಾಗ ಊರಿಗೆ ಬಂದಳು. ಮದುವೆ ಆಗಲಿಲ್ಲ. ಅಪ್ಪನ ಕೊನೆಗಾಲದಲ್ಲಿ ಅವನ ಜತೆಗಿದ್ದಳು. ಭಾನುವಾರ ಮಿಷನ್ನು ನಿಂತಿರೋವಾಗ ಶೆಡ್ಡಿನ ನೆಲಕ್ಕೆ ನೀರು ಚೆಲ್ಲಿ ಊರ ಹೆಣ್ಣುಮಕ್ಕಳಿಗೆ ಜಾರೋದು ಕಲಿಸ್ತಿದ್ದಳು. ನಾನೂ ಹೋಗ್ತಿದ್ದೆ. ನನಗೆ ಬರಲೇ ಇಲ್ಲ, ಅದು ಬೇರೆ ಮಾತು. ಜೋರಾಗಿ ಹೇಳಿಕೊಡೋ ಪೈಕಿ ಅಲ್ಲ ಅವಳು. ಗೋಡೆಗೊರಗಿ ನಿಂತು, ಮಂಡಿ ನೀವಿಕೊಳ್ತಾ, "ಮುಟ್ಟಬೇಡ ಮಗ, ದಾಟು" ಅಂತಿದ್ದಳು, ಅಷ್ಟೇ. ನಾವು ಬಿದ್ದರೆ ಎತ್ತೋಕೆ ಬರ್ತಿರಲಿಲ್ಲ. ಎದ್ದರೆ ನಗ್ತಿದ್ದಳು. ಆ ನಗುವಿಗೋಸ್ಕರ ನಾನು ಬೇಕಂತಲೇ ಎಷ್ಟೋ ಸಲ ಬಿದ್ದಿದ್ದೀನಿ.

ನಮ್ಮಲ್ಲಿ ಮೂವರು ಹುಡುಗಿಯರು ಬೆಟ್ಟದ ಸೀಮೆಗೆ ಹೋದರು. ಒಬ್ಬಳು ಅಲ್ಲೇ ನಿಂತಳು. ಒಂದು ಕಾರ್ತೀಕದಲ್ಲಿ, ಬೆಳಗಿನ ಬಿಸಿಲಿಗೆ ಜಗಲಿ ಮೇಲೆ ಕೂತಿದ್ದ ನಿಂಗಾಜಮ್ಮ ಕೂತಂಗೇ ಹೋಗಿಬಿಟ್ಟಳು. ಆಮೇಲೆ ಗುಡ್ಡದ ಕಲ್ಲು ಮುಗೀತು, ಶೆಡ್ಡು ಮುಚ್ಚಿತು. ಆ ನೆಲದ ಕಲ್ಲು ಯಾರ್ಯಾರೋ ಕಿತ್ತುಕೊಂಡು ಹೋಗಿ ಮನೆಗೆ ಹಾಕಿಸಿಕೊಂಡರು. ಈಗ ಅಲ್ಲಿ ಲಂಟಾನ ಬೆಳೆದಿದೆ. ಯಾವಾಗಲಾದರೂ ಆ ದಾರಿಯಲ್ಲಿ ಹೋದರೆ ನಾನು ಒಂದು ಗಳಿಗೆ ನಿಲ್ತೀನಿ. ನೀರು ಚೆಲ್ಲಿದ ಕಲ್ಲಿನ ವಾಸನೆ ಎಲ್ಲಿಂದಲೋ ಬಂದಂಗಾಗುತ್ತೆ.

ಆದರೆ ನಮ್ಮೂರಲ್ಲಿ ಒಂದು ರೂಢಿ ಉಳಿದಿದೆ. ಯಾರೂ ಕಲಿಸಿದ್ದಲ್ಲ. ಮಕ್ಕಳು ಕಬಡ್ಡಿ ಆಡುವಾಗ, ಮುಟ್ಟಾಟ ಆಡುವಾಗ, ಯಾರೂ ನೋಡದೆ ತಪ್ಪು ನಡೆದರೆ, ತಪ್ಪು ಮಾಡಿದ ಮಗು ನಿಂತು ಬಲಗೈ ಎತ್ತುತ್ತೆ. ಆಟ ನಿಲ್ಲುತ್ತೆ. ಬಯ್ಯೋಲ್ಲ, ಅಣಕಿಸೋಲ್ಲ, ಆಟ ಮತ್ತೆ ಶುರುವಾಗುತ್ತೆ. ನಿಂಗಾಜಮ್ಮನ ಕೈ ಅಂತಾರೆ ಅದಕ್ಕೆ. ಬೇರೆ ಊರಿಂದ ಸೊಸೆಯಾಗಿ ಬಂದೋರು ಮೊದಲು ನಗ್ತಾರೆ, ಆಮೇಲೆ ಅವರೂ ಎತ್ತುತ್ತಾರೆ.

ಮೊನ್ನೆ ಕೆಳಗಿನ ಬೀದಿಯಲ್ಲಿ ಅಣ್ಣತಮ್ಮಂದಿರ ಬದುವಿನ ಜಗಳ ನ್ಯಾಯಕ್ಕೆ ಬಂದಿತ್ತು. ಹದಿನೆಂಟು ವರ್ಷ ಒಬ್ಬರ ಮನೆ ನೀರು ಒಬ್ಬರು ಕುಡಿಯದ ಜಗಳ. ಇಬ್ಬರೂ ಮುದುಕರಾಗಿದ್ದಾರೆ. ಬೆಳಗಿಂದ ಮಧ್ಯಾಹ್ನದವರೆಗೂ ಮಾತು ನಡೆಯಿತು, ಗಡಿಕಲ್ಲು ಎಲ್ಲಿತ್ತು, ಯಾರು ಸರಿಸಿದ್ದು ಅಂತ. ಕಂಡೋರು ಯಾರೂ ಇಲ್ಲ. ಜನ ಬೇಸತ್ತು ಏಳೋ ಹೊತ್ತಿಗೆ ಅಣ್ಣ ಚಿಕ್ಕಮಾದಪ್ಪ, ಎಂಬತ್ತರ ಹತ್ತಿರದವನು, ಕೋಲು ಊರಿಕೊಂಡು ಎದ್ದ. ಕೋಲನ್ನ ಎಡಗೈಗೆ ಬದಲಾಯಿಸಿಕೊಂಡ. ಬಲಗೈ ಎತ್ತಿದ.

ತಮ್ಮ ಎದ್ದು ಬಂದು ಆ ಕೈಯನ್ನ ಮೆಲ್ಲಗೆ ಇಳಿಸಿ, ಅಣ್ಣನನ್ನ ಊಟಕ್ಕೆ ಮನೆಗೆ ಕರಕೊಂಡು ಹೋದ.